ಜಪಾನಿ ಸಾಬೂನು, ಅಪ್ಪನ ಗಂಧ

ಹೋದ ತಿಂಗಳು ಸುರಪುರಕ್ಕೆ ಹೋಗುವಾಗ ಬ್ಯಾಗಿನಲ್ಲಿ ಒಂದು ಜಪಾನಿ ಸಾಬೂನಿತ್ತು. ಆಫೀಸಿನ ಗೆಳತಿ ಕೊಟ್ಟದ್ದು, ಹಿನೋಕಿ ಎಂಬ ಮರದ ಎಣ್ಣೆ ಹಾಕಿದ್ದು. ಅವ್ವ ಮೂಸಿ, "ಹೊಸಾ ಬಾಗಲಾ ಕೂಡಿಸಿದ ಮನಿ ವಾಸನಿ ಬರ್ತದಲೋ ತಮ್ಮಾ" ಅಂದಳು. ತಪ್ಪೇನಿಲ್ಲ. ಆಗತಾನೆ ಕೊಯ್ದ ಕಟ್ಟಿಗೆಗೆ ನಿಂಬೆ ಸಿಪ್ಪೆ ಉಜ್ಜಿದಂಥ ಘಮ. ಜಪಾನಿನಲ್ಲಿ ಸ್ನಾನದ ತೊಟ್ಟಿಯನ್ನೇ ಈ ಮರದಿಂದ ಮಾಡ್ತಾರೆ. ಬಿಸಿನೀರು ತಾಗಿದರೆ ಬಚ್ಚಲೆಲ್ಲ ಪರಿಮಳ. ಅಂಥ ತೊಟ್ಟಿ ಇಲ್ಲದವರು ಹಿನೋಕಿಯ ಸಣ್ಣ ಚೆಂಡುಗಳನ್ನು ನೀರಿಗೆ ಹಾಕಿಕೊಳ್ತಾರೆ.

ಹಿಂದೆ ಅಲ್ಲಿನ ಕಿಸೊ ಕಣಿವೆಯಲ್ಲಿ ಕದ್ದು ಹಿನೋಕಿ ಕಡಿದರೆ ತಲೆದಂಡ. ಮರವೊಂದಕ್ಕೆ ತಲೆಯೊಂದು ಎಂಬ ಮಾತೇ ಇತ್ತು. ಇದನ್ನು ಹೇಳಿದ್ದಕ್ಕೆ ಅಪ್ಪ, "ನಮ್ಮ ಗಂಧದ ಗಿಡದ್ದೂ ಅದೇ ಕಥಿ" ಅಂದ. ಮೈಸೂರು ಸೀಮೆಯಲ್ಲಿ ಟಿಪ್ಪು ಅದನ್ನು 1792ರಲ್ಲಿ ರಾಜವೃಕ್ಷ ಮಾಡಿದ್ದ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೋಗಬೇಕಿದ್ದ ಗಂಧದ ಕೊರಡು ಇಲ್ಲೇ ಉಳಿದಾಗ 1916ರಲ್ಲಿ ಬೆಂಗಳೂರಲ್ಲಿ ಎಣ್ಣೆ ತೆಗೆಯಲು ಶುರುಮಾಡಿದರು. 1918ಕ್ಕೆ ಮೈಸೂರು ಸ್ಯಾಂಡಲ್ ಸಾಬೂನು ಬಂತು. ನಮ್ಮ ಬಚ್ಚಲಿಗೆ ಅದು ಹಬ್ಬಕ್ಕೆ ಮಾತ್ರ ಬರ್ತಿತ್ತು, ಆ ಮಾತು ಬೇರೆ. ಆದರೆ ರೈತನ ಹೊಲದಲ್ಲಿ ಬೆಳೆದ ಗಂಧ ರೈತನದೇ ಅಂತಾದದ್ದು 2001ರ ಕಾಯ್ದೆ ತಿದ್ದುಪಡಿಯಿಂದ. ಈಗಲೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಅಪ್ಪ ಇದನ್ನೆಲ್ಲ ಮೊದಲೇ ವಿಚಾರಿಸಿದ್ದಾನೆ. ಗುಡ್ಡದ ಬುಡದ ಒಂದೆಕರೆ ಮಸಾರಿಯಲ್ಲಿ ಗಂಧ ಹಚ್ಚಬೇಕಂತೆ. ಎರಿಯಲ್ಲಿ ನೀರು ನಿಂತರೆ ಅದರ ಬೇರು ಕೊಳೀತದ. ಗಂಧ ಒಂಟಿಯಾಗಿ ಬೆಳೆಯೋ ಗಿಡ ಅಲ್ಲ. ಪಕ್ಕದ ಗಿಡದ ಬೇರಿಗೆ ಬೇರು ಕಚ್ಚಿ ನೀರು, ಸತ್ವ ಎಳೀತದ. ಎಳೆ ಸಸಿಗೆ ಒಪ್ಪುವ ಆಸರೆಗಳಲ್ಲಿ ನಮ್ಮ ತೊಗರಿಯೂ ಒಂದು! ಶಹಾಪುರ, ಯಾದಗಿರಿ ಕಡೆ ತೊಗರಿಗೇನು ಬರ. ದೊಡ್ಡದಾದ ಮೇಲೆ ಹೊಂಗೆಯಂಥ ಮರ ಜೊತೆಗಿರಬೇಕು.

ಪರಿಮಳ ಇರೋದು ಒಳಗಿನ ಚೇಗಿನಲ್ಲಿ. ಅದು ಬಲಿಯೋಕೆ ಹದಿನೈದು ಇಪ್ಪತ್ತು ವರ್ಷ. ಚೇಗು ಕಟ್ಟಿತು ಅಂದರೆ ಕಳ್ಳರೂ ಬಂದರು ಅಂತಲೇ ಲೆಕ್ಕ. ರಾತ್ರಿ ಯಾರಾದರೂ ಹೊಲದಲ್ಲಿ ಮಲಗಬೇಕು. ಅಪ್ಪನಿಗೀಗ ಐವತ್ತೊಂಬತ್ತು.

"ಹಚ್ಚೋದು ನಾ ಹಚ್ತೀನಿ. ಕಾಯೋರು ಯಾರು, ಅದನ್ನ ನೀ ಹೇಳು," ಅಂದ.

ಬೆಂಗಳೂರಲ್ಲಿ ಮನೆ ಸಾಲದ ಮೊದಲ ಕಂತು ಕಟ್ಟಿ ಎರಡು ತಿಂಗಳಾಗಿದೆ ಅಂತ ಅವನಿಗಿನ್ನೂ ಹೇಳಿಲ್ಲ. ಸಾಬೂನು ಅಲ್ಲೇ ಬಿಟ್ಟು ಬಂದೆ. ನಿನ್ನೆ ಫೋನ್ ಮಾಡಿದ್ದ. ರೋಹಿಣಿ ಮಳೆಗೆ ಮೊದಲು ಗುಂಡಿ ತೋಡಿಸಬೇಕಂತೆ.