ಹಿಟ್ಟಿನ ಕೋಳಿಯೂ ಪ್ಲಾಸ್ಟಿಕ್ಕಿನ ಬಾಂಬರೂ

ಅಹಿಂಸೆಯ ವಿಷಯದಲ್ಲಿ ಜೈನ ಗೃಹಸ್ಥನು ಅಡುಗೆಮನೆಯಲ್ಲಿ ತೋರುವ ಎಚ್ಚರವನ್ನು ಮಕ್ಕಳ ಆಟದ ಕೋಣೆಯಲ್ಲಿ ತೋರುತ್ತಿಲ್ಲ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ, ಕಂದಮೂಲಗಳನ್ನು ವರ್ಜಿಸುವ ಮನೆಗಳಲ್ಲಿಯೇ ಗಾಜಿನ ಕಪಾಟಿನೊಳಗೆ ಬಾಂಬರ್ ವಿಮಾನಗಳೂ ಟ್ಯಾಂಕುಗಳೂ ಸಾಲಾಗಿ ನಿಲ್ಲತೊಡಗಿವೆ. ಯಾರಾದರೂ ಆಕ್ಷೇಪಿಸಿದರೆ, "ಅದು ಬರಿಯ ಪ್ಲಾಸ್ಟಿಕ್ಕು, ಅದರಲ್ಲಿ ಯಾವ ಜೀವವಿದೆ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವು ಜೈನ ಧರ್ಮದ ಮೂಲತತ್ತ್ವಕ್ಕೇ ವಿರುದ್ಧವಾದುದು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾದ ಕಾಲ ಬಂದಿದೆ.

ಮೂರು ಕಡೆಯೂ ಆಂಧ್ರದ ನೆಲ ಸುತ್ತುವರಿದಿರುವ ಪಾವಗಡದಂತಹ ಗಡಿ ತಾಲ್ಲೂಕಿಗೆ ಆಟದ ವಿಮಾನವೆಂದರೆ ಒಂದು ಕಾಲದಲ್ಲಿ ಜಾತ್ರೆಯ ಅಂಗಡಿಯ ತಗಡಿನ ಗೊಂಬೆ ಮಾತ್ರ. ಇಂದು ಜಪಾನು, ಇಂಗ್ಲೆಂಡು, ಜೆಕ್ ದೇಶಗಳ ಸರಕು ಕೊರಿಯರಿನವನ ಕೈಯಲ್ಲಿ ಮನೆಯ ಬಾಗಿಲಿಗೆ ಬರುತ್ತದೆ. ಟಮಿಯಾ, ಏರ್‌ಫಿಕ್ಸ್, ರೆವೆಲ್ ಮೊದಲಾದ ಕಂಪನಿಗಳ ಈ ಪೆಟ್ಟಿಗೆಗಳಲ್ಲಿ ಬಿಡಿಭಾಗಗಳಿರುತ್ತವೆ. ಅವುಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಬಳಿದರೆ ನಿಜವಾದ ಯುದ್ಧವಿಮಾನದ 72ನೆಯ ಅಥವಾ 48ನೆಯ ಒಂದು ಭಾಗದಷ್ಟು ಗಾತ್ರದ ಮಾದರಿ ಸಿದ್ಧವಾಗುತ್ತದೆ. ಟ್ಯಾಂಕುಗಳಿಗೆ 35ನೆಯ ಒಂದು ಭಾಗದ ಅಳತೆ ರೂಢಿಯಲ್ಲಿದೆ. ಇಷ್ಟಕ್ಕೇ ತೃಪ್ತಿಯಾಗದವರಿಗೆ ಅಲಂಕರಣ ಸಾಮಗ್ರಿಗಳು ಬೇರೆಯಾಗಿ ಮಾರಾಟಕ್ಕಿವೆ: ಆಮ್ಲದಿಂದ ಕೊರೆದ ಹಿತ್ತಾಳೆಯ ತೆಳುಹಾಳೆಯ ಉಪಕರಣಗಳು, ರಾಳದಲ್ಲಿ ಎರಕಹೊಯ್ದ ಪೈಲಟ್ಟಿನ ಆಸನಗಳು, ರೆಕ್ಕೆಗಳ ಕೆಳಗೆ ತೂಗುಹಾಕುವ ಬಾಂಬು ಕ್ಷಿಪಣಿಗಳ ಗೊಂಚಲುಗಳು, ಮಸಿಯನ್ನೂ ತುಕ್ಕನ್ನೂ ಗುಂಡೇಟಿನ ತೂತುಗಳನ್ನೂ ಅನುಕರಿಸುವ ಬಣ್ಣಗಳು.

ಇದು ಮಕ್ಕಳಾಟವೆಂದು ತಳ್ಳಿಹಾಕುವಂತಹುದಲ್ಲ. ಸುಂಕದ ಪಟ್ಟಿಯಲ್ಲಿ ಇಂತಹ ಅಳತೆಯ ಮಾದರಿಗಳು ಆಟಿಕೆಗಳೊಂದಿಗೆ 9503ನೆಯ ಶೀರ್ಷಿಕೆಯಡಿಯಲ್ಲಿ ಬರುತ್ತವೆ. ಆ ಶೀರ್ಷಿಕೆಯ ಮೂಲ ಆಮದು ಸುಂಕವನ್ನು ಕೇಂದ್ರ ಸರ್ಕಾರವು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿತು. ಆದರೂ ಕೊಳ್ಳುವವರು ಕೊಳ್ಳುತ್ತಲೇ ಇದ್ದಾರೆ. ಇಷ್ಟು ಬೆಲೆ ತೆತ್ತು ತರುವವರು ಮಕ್ಕಳಲ್ಲ, ದುಡಿದು ಸಂಪಾದಿಸುವ ವಯಸ್ಕರು. ವಿವೇಕಿಯಾದವನು ಬೆಲೆ ತೆತ್ತು, ತಿಂಗಳುಗಟ್ಟಲೆ ಮನಸ್ಸಿಟ್ಟು ಮಾಡುವ ಕೆಲಸವನ್ನು ಆಟವೆಂದು ಕರೆದು ಧರ್ಮದ ವಿಚಾರಣೆಯಿಂದ ಹೊರಗಿಡಲು ಬರುವುದಿಲ್ಲ.

"ಜೀವವಿಲ್ಲದುದರಿಂದ ಹಿಂಸೆಯಿಲ್ಲ" ಎಂಬ ವಾದಕ್ಕೆ ಕನ್ನಡ ನಾಡು ಎಂಟು ನೂರು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನನು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯನ್ನು ಅರಿಯದ ಜೈನರು ವಿರಳ. ಅದಕ್ಕೂ ಮೊದಲು ಸೋಮದೇವಸೂರಿಗಳೂ ವಾದಿರಾಜರೂ ಇದೇ ಕಥೆಯನ್ನು ಸಂಸ್ಕೃತದಲ್ಲಿ ಹೇಳಿದ್ದರು. ತಾಯಿ ಚಂದ್ರಮತಿಯು ಜೀವಬಲಿಯನ್ನು ಕೊಡೆಂದು ಒತ್ತಾಯಿಸಿದಾಗ ಯಶೋಧರನು ಒಪ್ಪಲಿಲ್ಲ. ಕೊನೆಗೆ ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯೊಂದನ್ನು ಬಲಿಕೊಟ್ಟನು. ಆ ಕೋಳಿಯಲ್ಲಿ ರಕ್ತವಿರಲಿಲ್ಲ, ಮಾಂಸವಿರಲಿಲ್ಲ, ಇದ್ದುದು ಹಿಟ್ಟು ಮಾತ್ರ. ಆದರೆ ಕತ್ತಿಯನ್ನು ಎತ್ತಿದ ಮನಸ್ಸಿನಲ್ಲಿ ವಧೆಯ ಸಂಕಲ್ಪವಿತ್ತು. ಆ ಒಂದು ಸಂಕಲ್ಪಕ್ಕಾಗಿ ತಾಯಿ ಮಗ ಇಬ್ಬರೂ ನವಿಲು ನಾಯಿಗಳಾಗಿ ತೊಡಗಿ ಪ್ರಾಣಿಜನ್ಮಗಳ ಸಾಲನ್ನೇ ಅನುಭವಿಸಬೇಕಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಯಶೋಧರನು ಹಿಟ್ಟಿನ ಕೋಳಿಯನ್ನು ಸಂತೋಷದಿಂದ ಕಡಿಯಲಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ, ಮಾತೃವಾಕ್ಯಕ್ಕೆ ಕಟ್ಟುಬಿದ್ದು ಕಡಿದನು. ಹಾಗಿದ್ದೂ ಅವನಿಗೆ ಆ ಫಲ ಬಂದಿತೆಂದು ಆಚಾರ್ಯರೂ ಕವಿಗಳೂ ಹೇಳಿದ್ದಾರೆ. ಯಾರ ಒತ್ತಾಯವೂ ಇಲ್ಲದೆ, ಮನಸ್ಸಿನ ಪೂರ್ಣ ಉಲ್ಲಾಸದಿಂದ ಸಂಹಾರದ ಯಂತ್ರವನ್ನು ತಿಂಗಳುಗಟ್ಟಲೆ ತಿದ್ದಿ ತೀಡಿ ಆನಂದಿಸುವವನ ಸ್ಥಿತಿಯೇನು? ತತ್ತ್ವಾರ್ಥಸೂತ್ರವು ಹಿಂಸೆಯ ಚಿಂತನೆಯಲ್ಲಿ ತೊಡಗುವ ಚಿತ್ತವೃತ್ತಿಯನ್ನು ರೌದ್ರಧ್ಯಾನವೆಂದು ಎಣಿಸಿದೆ. ಹಿಂಸಾನಂದವೆಂಬುದು ಅದಕ್ಕಿರುವ ರೂಢಿಯ ಹೆಸರು. ಕೈಯಲ್ಲಿರುವುದು ಕತ್ತಿಯೇ ಕುಂಚವೇ ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ.

ಇನ್ನು ಶ್ರಾವಕಾಚಾರವನ್ನು ನೋಡೋಣ. ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಪ್ರಯೋಜನವಿಲ್ಲದ ಪಾಪಕ್ಕೆ ಅನರ್ಥದಂಡವೆಂದು ಹೆಸರಿಟ್ಟು, ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದು ಬಗೆಗಳನ್ನು ಹೇಳಿದ್ದಾರೆ. ಅಮೃತಚಂದ್ರಾಚಾರ್ಯರ 'ಪುರುಷಾರ್ಥಸಿದ್ಧ್ಯುಪಾಯ'ವು ಅಪಧ್ಯಾನವನ್ನು ವಿವರಿಸುವಾಗ ಯುದ್ಧ, ಜಯ, ಪರಾಜಯಗಳ ಚಿಂತನೆಯನ್ನು ಬೇಟೆ ಮತ್ತು ಕಳವುಗಳ ಚಿಂತನೆಯ ಸಾಲಿನಲ್ಲಿಯೇ ಇಟ್ಟು ನಿಷೇಧಿಸುತ್ತದೆ. ಯುದ್ಧ ಮಾಡಬಾರದೆಂದಷ್ಟೇ ಅಲ್ಲ, ಪ್ರಯೋಜನವಿಲ್ಲದೆ ಅದನ್ನು ಮನಸ್ಸಿನಲ್ಲಿ ಆಡಿಸಲೂಬಾರದೆಂಬುದು ಇದರ ತಾತ್ಪರ್ಯ. ಸೈನಿಕ ಮಾದರಿಗಳ ಹವ್ಯಾಸಕ್ಕೆ ಇದಕ್ಕಿಂತ ನೇರವಾಗಿ ಅನ್ವಯಿಸುವ ವಿಧಿ ಬೇರೆ ಬೇಕಿಲ್ಲ.

ಹವ್ಯಾಸಿಗಳು ತಮ್ಮ ಕೆಲಸವನ್ನು ಯಥಾರ್ಥತೆಯ ಆರಾಧನೆಯೆಂದು ಹೊಗಳಿಕೊಳ್ಳುತ್ತಾರೆ. ಒಂದು ತಿರುಪು ತಪ್ಪಿದರೂ, ಬಣ್ಣದ ಛಾಯೆ ಕೂದಲೆಳೆಯಷ್ಟು ಬದಲಾದರೂ ಅವರಿಗೆ ಸಹಿಸುವುದಿಲ್ಲ. ಆದರೆ ಈ ಯಥಾರ್ಥತೆ ಎಲ್ಲಿಗೆ ನಿಲ್ಲುತ್ತದೆ? 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬು ಹಾಕಿದ 'ಎನೊಲಾ ಗೇ' ವಿಮಾನದ ಮಾದರಿ ಮಾರುಕಟ್ಟೆಗೆ ಬಂದಿದೆ. ವಿಮಾನದ ಹೆಸರನ್ನು ಅಕ್ಷರ ತಪ್ಪದೆ ಅಂಟಿಸಬಹುದು. ಅದು ಆ ವಿಮಾನವನ್ನು ನಡೆಸಿದವನ ತಾಯಿಯ ಹೆಸರು. ಆ ವರ್ಷದ ಕೊನೆಯೊಳಗೆ ಆ ನಗರದಲ್ಲಿ ಸತ್ತವರು ಸುಮಾರು 1,40,000 ಮಂದಿ ಎಂದು ಅಂದಾಜು. 72ನೆಯ ಒಂದು ಭಾಗದ ಅಳತೆಯಲ್ಲಿ ಮನುಷ್ಯನೊಬ್ಬನ ಎತ್ತರ ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ. ಇಂತಹ ಪೆಟ್ಟಿಗೆಗಳಲ್ಲಿ ಪೈಲಟ್ಟಿನ ಪುಟ್ಟ ಗೊಂಬೆ ಇರುವುದುಂಟು. ಕೆಳಗಿದ್ದವರ ಗೊಂಬೆಗಳು ಇರುವುದಿಲ್ಲ. ತಿರುಪುಗಳನ್ನು ಲೆಕ್ಕವಿಟ್ಟು ಹೆಣಗಳನ್ನು ಲೆಕ್ಕದಿಂದ ಬಿಡುವುದು ಯಥಾರ್ಥತೆಯಲ್ಲ. ಲೆಕ್ಕಪತ್ರದಲ್ಲಿ ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬರೆಯದ ಗುಮಾಸ್ತನನ್ನು ಯಾವ ವರ್ತಕನೂ ಪ್ರಾಮಾಣಿಕನೆಂದು ಇಟ್ಟುಕೊಳ್ಳುವುದಿಲ್ಲ.

ಇದಕ್ಕಿಂತ ಕೆಟ್ಟುದು ಇನ್ನೊಂದಿದೆ. ಯುದ್ಧವಿಮಾನದ ಪಾರ್ಶ್ವದಲ್ಲಿ, ಪೈಲಟ್ಟನ ಆಸನದ ಕೆಳಗೆ, ಚಿಕ್ಕ ಚಿಕ್ಕ ಶಿಲುಬೆಗಳನ್ನೋ ಬಾವುಟಗಳನ್ನೋ ಬಿಡಿಸುವ ಪದ್ಧತಿ ಎರಡನೆಯ ಮಹಾಯುದ್ಧದಲ್ಲಿತ್ತು. ಉರುಳಿಸಿದ ಒಂದೊಂದು ವಿಮಾನಕ್ಕೆ ಒಂದೊಂದು ಗುರುತು. ಈ ಗುರುತುಗಳನ್ನು ಇಂದು ನೀರಿನಲ್ಲಿ ನೆನೆಸಿ ಅಂಟಿಸುವ ಚೀಟಿಗಳಾಗಿ ಮಾಡಿ ಮಾರುತ್ತಾರೆ. ನಮ್ಮ ನಾಡಿನಲ್ಲಿಯೂ ಕಾಳಗದ ನೆನಪನ್ನು ಕಲ್ಲಿನಲ್ಲಿ ಕಡೆಯುತ್ತಿದ್ದರು. ಆದರೆ ವೀರಗಲ್ಲು ನಿಲ್ಲುತ್ತಿದ್ದುದು ಮಡಿದವನಿಗಾಗಿ. ಜೈನ ವೀರಗಲ್ಲುಗಳ ಮೇಲಿನ ಪಟ್ಟಿಕೆಯಲ್ಲಿ ಕುಳಿತ ಜಿನಬಿಂಬವಿರುತ್ತಿತ್ತು. ಕಡಿದವನ ಲೆಕ್ಕಕ್ಕಿಂತ ಮಡಿದವನ ಗತಿ ಅಲ್ಲಿ ಮುಖ್ಯವಾಗಿತ್ತು. ವಿಮಾನದ ಮೇಲಿನ ಈ ಗುರುತುಗಳಿಗೆ ಹೆಸರೂ ಇಲ್ಲ, ಗತಿಯೂ ಇಲ್ಲ, ಸಂಖ್ಯೆ ಮಾತ್ರ ಇದೆ. ಅದನ್ನು ಸಣ್ಣ ಚಿಮಟದಿಂದ ಹಿಡಿದು ಮಗುವಿನ ಕೈಯಲ್ಲಿ ಅಂಟಿಸುವ ತಂದೆಯು ತಾನು ಏನನ್ನು ಕಲಿಸುತ್ತಿದ್ದೇನೆಂದು ಒಂದು ಕ್ಷಣ ಆಲೋಚಿಸಬೇಕು.

ಇದಕ್ಕೆ ಎದುರಾಗಿ ಬರುವ ಆಕ್ಷೇಪಗಳನ್ನು ಉಪೇಕ್ಷಿಸುವಂತಿಲ್ಲ. ಮೊದಲನೆಯದು, ಭಾರತದ ವಿಮಾನ ಕೈಗಾರಿಕೆಗೆ ಅಡಿಪಾಯ ಹಾಕಿದವರೇ ಜೈನರಲ್ಲವೇ ಎಂಬುದು. ಸೊಲ್ಲಾಪುರದ ದಿಗಂಬರ ಜೈನ ಮನೆತನದ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದುದು ನಿಜ. ಅದೇ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯು 2023ರ ಫೆಬ್ರವರಿ 6ರಂದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಉದ್ಘಾಟನೆಗೊಂಡಿತು. ಪಾವಗಡ ಮಧುಗಿರಿಗಳ ತರುಣರು ನಾಳೆ ಅಲ್ಲಿ ಕೆಲಸಕ್ಕೆ ಸೇರಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಜೈನ ಶಾಸ್ತ್ರವು ಹಿಂಸೆಯನ್ನು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ನಾಲ್ಕಾಗಿ ವಿಂಗಡಿಸಿದೆ. ಜೀವನೋಪಾಯದಲ್ಲಿ ಅನಿವಾರ್ಯವಾದುದೂ ದೇಶರಕ್ಷಣೆಯಲ್ಲಿ ಒದಗುವುದೂ ಗೃಹಸ್ಥನಿಗೆ ಪೂರ್ಣವಾಗಿ ಬಿಡಲಾಗದವು. ಅವು ಅವನ ಹೆಗಲ ಮೇಲಿನ ಭಾರ. ಆದರೆ ಭಾರವನ್ನು ಹೊರುವುದು ಬೇರೆ, ಅದನ್ನು ಕಪಾಟಿನಲ್ಲಿಟ್ಟು ನಲಿಯುವುದು ಬೇರೆ. ಗಡಿಯಲ್ಲಿ ನಿಂತ ಯೋಧನಿಗೆ ಸಲ್ಲುವ ವಿನಾಯಿತಿಯನ್ನು ಅಂಟಿನ ಕೊಳವೆ ಹಿಡಿದು ಮೇಜಿನ ಮುಂದೆ ಕುಳಿತವನು ಕೇಳಲಾಗದು.

ಎರಡನೆಯ ಆಕ್ಷೇಪ ಚಾವುಂಡರಾಯನ ಹೆಸರಿನಲ್ಲಿ ಬರುತ್ತದೆ. ಅವನು ಗಂಗರ ದಂಡನಾಯಕ. ರಣರಂಗಸಿಂಗ, ಸಮರಪರಶುರಾಮ ಮೊದಲಾದ ಬಿರುದುಗಳನ್ನು ಕಾಳಗಗಳಲ್ಲಿ ಗಳಿಸಿದವನು. ನಿಜ. ಆದರೆ ಅಷ್ಟು ಯುದ್ಧಗಳನ್ನು ಕಂಡ ಆ ಸೇನಾನಿ ಕ್ರಿ.ಶ. 981ರ ಸುಮಾರಿಗೆ ಶ್ರವಣಬೆಳಗೊಳದ ಬೆಟ್ಟದ ಮೇಲೆ 58 ಅಡಿಯ ರೂಪವನ್ನು ಕಡೆಸಲು ನಿಶ್ಚಯಿಸಿದಾಗ ಯಾರನ್ನು ಆರಿಸಿಕೊಂಡನು? ಗೆದ್ದ ರಾಜ್ಯವನ್ನು ಗೆದ್ದ ಕ್ಷಣದಲ್ಲಿಯೇ ಬಿಟ್ಟು ನಡೆದ ಬಾಹುಬಲಿಯನ್ನು. ಭರತ ಬಾಹುಬಲಿಗಳು ಎರಡು ಸೇನೆಗಳ ರಕ್ತವನ್ನು ಉಳಿಸಲು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಒಪ್ಪಿದವರು. ಯುದ್ಧವನ್ನು ಬಲ್ಲವನು ಶಾಂತಿಯ ಮೂರ್ತಿಯನ್ನು ಮಾಡಿಸಿದನು. ಯುದ್ಧವನ್ನು ಕಾಣದವರು ಯುದ್ಧದ ಮೂರ್ತಿಯನ್ನು ಮಾಡುತ್ತಾ ಕುಳಿತಿದ್ದಾರೆ.

ಮೂರನೆಯದಾಗಿ, ಇವು ನಿರುಪದ್ರವಿ ಬೊಂಬೆಗಳೆಂಬ ಮಾತು. ಇಂತಹ ಮಾದರಿಗಳ ಚರಿತ್ರೆಯೇ ಇದನ್ನು ಒಪ್ಪುವುದಿಲ್ಲ. 1942ರಲ್ಲಿ ಅಮೆರಿಕದ ನೌಕಾಪಡೆಯು ಶಾಲಾ ಮಕ್ಕಳಿಂದ ಐದು ಲಕ್ಷ ಮಾದರಿ ವಿಮಾನಗಳನ್ನು ಬೇಡಿತು. ಅವೂ 72ನೆಯ ಒಂದು ಭಾಗದ ಅಳತೆಯವೇ. ಆಕಾಶದಲ್ಲಿ ಕಂಡದ್ದು ಶತ್ರುವಿನದೇ ಮಿತ್ರನದೇ ಎಂದು ಕ್ಷಣಮಾತ್ರದಲ್ಲಿ ಗುರುತಿಸಲು ಸೈನಿಕರ ಕಣ್ಣನ್ನು ಪಳಗಿಸುವುದು ಅವುಗಳ ಉದ್ದೇಶ. ಅಂದು ಅದಕ್ಕೊಂದು ಪ್ರಯೋಜನವಾದರೂ ಇತ್ತು. ಪ್ರಯೋಜನವು ಅಳಿದು ಆಸಕ್ತಿ ಮಾತ್ರ ಉಳಿದರೆ ಅದನ್ನೇ ಆಚಾರ್ಯರು ಅನರ್ಥವೆಂದು ಕರೆದರು.

ವಾಯುಯುದ್ಧದ ಪುಸ್ತಕಗಳ ಮಾತು ಸ್ವಲ್ಪ ಭಿನ್ನ. ಚಿತ್ತವನ್ನು ರಾಗ, ದ್ವೇಷ, ಮದ, ಸಾಹಸಗಳಿಂದ ಕಲುಷಿತಗೊಳಿಸುವ ಗ್ರಂಥಗಳ ಶ್ರವಣವೇ ದುಃಶ್ರುತಿ. ಎಲ್ಲ ಪುಸ್ತಕಗಳೂ ಹಾಗಲ್ಲ. 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಹಾರಿದ 'ಮರುತ್' ವಿಮಾನವನ್ನು ರೂಪಿಸಿದ ಕುರ್ಟ್ ಟ್ಯಾಂಕ್ ಹಿಟ್ಲರನ ಕಾಲದ ಫೋಕೆವುಲ್ಫ್ ಯುದ್ಧವಿಮಾನವನ್ನೂ ರೂಪಿಸಿದವನೆಂಬುದನ್ನು ತಿಳಿಸಿ, ಜ್ಞಾನವು ಯಾರ ಕೈಗೆ ಹೋದರೆ ಏನಾಗುತ್ತದೆಂದು ಆಲೋಚನೆಗೆ ಹಚ್ಚುವ ಪುಸ್ತಕವು ವಿದ್ಯೆಯೇ ಸರಿ. 1965ರ ಭಾರತ ಪಾಕಿಸ್ತಾನ ವಾಯುಯುದ್ಧವನ್ನು ಕುರಿತು ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ 2005ರಲ್ಲಿ ಪ್ರಕಟಿಸಿದ ಗ್ರಂಥದಂತೆ ನಷ್ಟಗಳನ್ನೂ ವಿಚಾರಿಸುವ ಚರಿತ್ರೆಯನ್ನು ಯಾರೂ ನಿಂದಿಸಲಾರರು. ಆದರೆ ಹೊಳೆಯುವ ಕಾಗದದ ಮೇಲೆ ಯಂತ್ರದ ಸೊಬಗನ್ನೂ ವೀರನ ಬೇಟೆಯ ಲೆಕ್ಕವನ್ನೂ ಮಾತ್ರ ತೋರಿಸಿ, ಉರಿದ ಊರುಗಳನ್ನು ಅಡಿಟಿಪ್ಪಣಿಗೂ ಬಿಡದ ಪುಸ್ತಕಗಳು ದುಃಶ್ರುತಿಯೇ. ಸತ್ತವರು ಅದರಲ್ಲಿ ಇದ್ದಾರೆಯೇ ಎಂದು ನೋಡಿದರೆ ಸಾಕು. ಪುಸ್ತಕದ ಜಾತಿ ತಿಳಿಯುತ್ತದೆ.

ಪರಿಗ್ರಹದ ದೋಷವನ್ನೂ ಮರೆಯುವಂತಿಲ್ಲ. ಈ ಹವ್ಯಾಸದಲ್ಲಿ ಮಾಡುವುದಕ್ಕಿಂತ ಕೂಡಿಡುವುದೇ ಹೆಚ್ಚು. ಆಯುಷ್ಯದಲ್ಲಿ ಮುಗಿಸಲಾಗದಷ್ಟು ಪೆಟ್ಟಿಗೆಗಳನ್ನು ಮುಚ್ಚಳ ತೆರೆಯದೆ ಅಟ್ಟದ ಮೇಲೆ ಪೇರಿಸುವವರಿದ್ದಾರೆ. ಬೇಕಾದುದಕ್ಕಿಂತ ಅಧಿಕವಾಗಿ ಭೋಗೋಪಭೋಗದ ವಸ್ತುಗಳನ್ನು ಸಂಗ್ರಹಿಸುವುದನ್ನು ಅನರ್ಥದಂಡವ್ರತದ ಅತಿಚಾರಗಳಲ್ಲಿಯೇ ಹೇಳಿದೆ. ಒಂದೇ ವ್ರತವು ಒಂದೇ ಹವ್ಯಾಸದಿಂದ ಹಲವು ಕಡೆ ಮುರಿಯುವುದನ್ನು ಇಲ್ಲಿ ಕಾಣಬಹುದು.

ವರ್ತಕ ಬಂಧುಗಳಿಗೂ ಒಂದು ಮಾತು ಸಲ್ಲುತ್ತದೆ. ಹಿಂಸೆಯ ಸಾಧನಗಳನ್ನು ಕೊಡುವುದು ಹಿಂಸಾದಾನ. ಸಾಧನವು ಹುಸಿಯಾದರೂ ಅದು ಬಿತ್ತುವ ಭಾವನೆ ಹುಸಿಯಲ್ಲ. ಮದ್ಯವನ್ನೂ ಮಾಂಸವನ್ನೂ ಮಾರದ ಅಂಗಡಿಯು ಹಬ್ಬದ ದಿನಗಳಲ್ಲಿ ಆಟದ ಕೋವಿಯನ್ನೂ ಬಾಂಬರನ್ನೂ ಮುಂಬಾಗಿಲಿನಲ್ಲಿ ತೂಗುಹಾಕಿದರೆ ಆ ಸಂಯಮವು ಅರ್ಧದಲ್ಲಿ ನಿಂತಂತೆ. ಲಾಭ ಸ್ವಲ್ಪ ಕಡಿಮೆಯಾದೀತು. ಧರ್ಮಕ್ಕಾಗಿ ಲಾಭವನ್ನು ಬಿಡುವುದು ಜೈನ ವ್ಯಾಪಾರಕ್ಕೆ ಹೊಸದೇನಲ್ಲ.

ಹಾಗಾದರೆ ಕೈಚಳಕವಿರುವ ಮಕ್ಕಳು ಏನು ಮಾಡಬೇಕು? ಅಳತೆಗೆ ತಕ್ಕಂತೆ ಮಾದರಿ ರಚಿಸುವುದು ಒಳ್ಳೆಯ ವಿದ್ಯೆ. ತಾಳ್ಮೆ, ಗಣಿತ, ಕೈಯ ನಿಯಂತ್ರಣ ಇವೆಲ್ಲ ಅದರಿಂದ ಬರುತ್ತವೆ. ಅದನ್ನು ಬಿಡಬೇಕಾದುದಿಲ್ಲ, ವಸ್ತುವನ್ನು ಬದಲಿಸಿದರೆ ಸಾಕು. ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗವು ಇರುಂಗೋಳನಂತಹ ಅರಸರ ಯುದ್ಧದ ಕೋಟೆ. ಅಂತಹ ಕೋಟೆಯ ಬೆಟ್ಟದಲ್ಲಿಯೇ 13ನೆಯ ಶತಮಾನದಲ್ಲಿ ಪಾರ್ಶ್ವನಾಥ ಬಸದಿ ಎದ್ದಿತೆಂದು ಅಲ್ಲಿಯ ಶಾಸನ ಹೇಳುತ್ತದೆ. ಮಧುಗಿರಿ ಬೆಟ್ಟದ ಬುಡದಲ್ಲಿ ಮಲ್ಲಿನಾಥ ಬಸದಿಯಿದೆ. ಪಾಠಶಾಲೆಯ ಮಕ್ಕಳನ್ನು ರಜೆಯಲ್ಲಿ ಅಳತೆಪಟ್ಟಿಯೊಡನೆ ಅಲ್ಲಿಗೆ ಕಳುಹಿಸಿ, ಬಸದಿಯನ್ನೂ ಮಾನಸ್ತಂಭವನ್ನೂ 72ನೆಯ ಒಂದು ಭಾಗದಲ್ಲಿಯೇ ಮಾಡಿಸಬಹುದು. ವಿಮಾನವೇ ಬೇಕೆಂದರೆ ಪ್ರಯಾಣಿಕರನ್ನು ಹೊರುವ ವಿಮಾನಗಳಿವೆ, 2013ರ ಉತ್ತರಾಖಂಡದ ಪ್ರವಾಹದಲ್ಲಿ ಜನರನ್ನು ಎತ್ತಿ ತಂದ ಹೆಲಿಕಾಪ್ಟರುಗಳಿವೆ. ಈಗಾಗಲೇ ಯುದ್ಧವಿಮಾನಗಳು ಮನೆಯಲ್ಲಿದ್ದರೆ ಮುಂಬರುವ ದಶಲಕ್ಷಣ ಪರ್ವದೊಳಗೆ ಆ ಕಪಾಟನ್ನು ತೆರೆದು ನೋಡಲಿ. ಸಂಹಾರದ ಗುರುತುಗಳನ್ನು ಮೊದಲು ಕಿತ್ತುಹಾಕಲಿ, ಬಾಂಬುಗಳನ್ನು ಇಳಿಸಲಿ, ಮಕ್ಕಳಿಗೆ ಅದಕ್ಕೆ ಕಾರಣವನ್ನೂ ಹೇಳಲಿ. ಉಳಿದುದನ್ನು ಇಟ್ಟುಕೊಳ್ಳುವ ಆಸೆ ಆಮೇಲೂ ಉಳಿದಿದೆಯೇ ಎಂಬುದನ್ನು ಅವರವರ ಅಂತಃಕರಣವೇ ಹೇಳುವುದು.