ಡೆಕ್ಕಿನ ಕೆಳಗೆ ಯಾರಿದ್ದರು?



ಇವತ್ತು ಸ್ವಲ್ಪ ಬೇರೆ ವಿಷಯ. ಹಳೇ ಹಡಗು, ದೋಣಿಗಳ ಮಾಡೆಲ್ ಬಗ್ಗೆ. ಹೌದು, ದೊಡ್ಡವರ ಮನೆ ಶೋಕೇಸಿನಲ್ಲಿ, ಮ್ಯೂಸಿಯಂ ಗಾಜಿನ ಪೆಟ್ಟಿಗೆಯಲ್ಲಿ ಹಾಯಿ ಬಿಚ್ಚಿಕೊಂಡು ನಿಂತಿರುತ್ತವಲ್ಲ, ಅವೇ. "ಊರಲ್ಲಿ ನಮ್ಮವರ ಸ್ಮಶಾನಕ್ಕೆ ಜಾಗ ಇಲ್ಲ, ಇವನಿಗೆ ಆಟಿಕೆ ಹಡಗಿನ ಚಿಂತೆ" ಅಂತ ಯಾರಾದರೂ ಕಾಮೆಂಟ್ ಹಾಕಬಹುದು. ಹಾಕಲಿ. ಪೂರ್ತಿ ಓದಿ ಹಾಕಲಿ.

ಈ ಕೆಲಸ ಚಂದ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಇಂಗ್ಲೆಂಡಿನ ನೌಕಾಪಡೆಗಾಗಿ 17ನೇ ಶತಮಾನದಲ್ಲಿ ಮಾಡಿದ ಮಾಡೆಲ್‌ಗಳನ್ನೇ ತಗೊಳ್ಳಿ. ಅವುಗಳಲ್ಲಿ ಬಹಳಷ್ಟು 1:48ರ ಅಳತೆಯವು. ಅಂದರೆ ನಿಜವಾದ ಹಡಗಿನ ಒಂದು ಅಡಿಗೆ ಮಾಡೆಲ್‌ನಲ್ಲಿ ಕಾಲು ಇಂಚು. ತಳಭಾಗಕ್ಕೆ ಹಲಗೆ ಹೊಡೆಯದೆ ಹಾಗೇ ಬಿಡುತ್ತಿದ್ದರು. ಒಳಗಿನ ಪಕ್ಕೆಲುಬುಗಳೆಲ್ಲ ಎಣಿಸುವ ಹಾಗೆ ಕಾಣುತ್ತವೆ. ಅದನ್ನು ಮಾಡಿದ ಬಡಗಿಯ ಬೆರಳಿಗೆ ಕೈಮುಗಿಯಬೇಕು. ಕೈಕೆಲಸ ಮಾಡುವ ಜನರ ಮಕ್ಕಳು ನಾವು. ಕೈಕೆಲಸದ ಬೆಲೆ ನಮಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

ನನ್ನ ತಕರಾರು ಬೇರೆ. ಹಗ್ಗ ಇದೆ, ಫಿರಂಗಿ ಇದೆ, ಲಂಗರು ಇದೆ. ಮನುಷ್ಯ ಎಲ್ಲಿ? ಹಗ್ಗ ಎಳೆದವನು, ಹುಟ್ಟು ಹಾಕಿದವನು, ಕೆಳಗೆ ಸರಕಿನ ಜೊತೆ ಸರಕಾಗಿ ಬಿದ್ದವನು ಎಲ್ಲಿ?

ಮನುಷ್ಯರನ್ನು ಇಟ್ಟ ಮಾಡೆಲ್‌ಗಳೂ ಇವೆ. ಈಜಿಪ್ಟಿನಲ್ಲಿ ಸುಮಾರು 4000 ವರ್ಷ ಹಿಂದೆ ಮೆಕೆತ್ರೆ ಅನ್ನೋ ದೊಡ್ಡ ಅಧಿಕಾರಿ ಇದ್ದ. ಅವನ ಗೋರಿಯಲ್ಲಿ 1920ರಲ್ಲಿ ಮರದ ಪುಟ್ಟ ದೋಣಿಗಳು ಸಿಕ್ಕವು. ಈಗ ಕೆಲವು ಕೈರೋದಲ್ಲಿವೆ, ಕೆಲವು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿವೆ. ದೋಣಿ ನಡೆಸುವ ಆಳುಗಳು ಸಾಲಾಗಿ ಇದ್ದಾರೆ, ಅಡುಗೆಯವರೂ ಇದ್ದಾರೆ. ಯಾಕೆ ಗೊತ್ತಾ? ಸತ್ತ ಮೇಲೂ ಧಣಿಗೆ ಆಳು ಬೇಕಲ್ಲ, ಅದಕ್ಕೆ! ನಮ್ಮಲ್ಲಿ ಜನ್ಮಜನ್ಮಾಂತರದ ಕರ್ಮ ಅಂತಾರೆ, ಅಲ್ಲಿ ಮರದಲ್ಲಿ ಕೆತ್ತಿ ಹೂತರು. ಲೆಕ್ಕ ಒಂದೇ.

ಹಾಗಾಗಿ ಮನುಷ್ಯನನ್ನು ಇಟ್ಟರೆ ಸಾಲದು. ಯಾರ ಪರವಾಗಿ ಇಟ್ಟರು ಅನ್ನೋದು ಮುಖ್ಯ.

ಈಗ ನಾನು ಹೇಳಬೇಕೆಂದಿದ್ದ ಹಡಗಿಗೆ ಬರ್ತೀನಿ. ಹೆಸರು ಬ್ರೂಕ್ಸ್. ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನದು. ಆಫ್ರಿಕಾದ ಜನರನ್ನು ಹಿಡಿದು, ಸಂಕೋಲೆ ಹಾಕಿ, ಅಟ್ಲಾಂಟಿಕ್ ದಾಟಿಸಿ ಮಾರುತ್ತಿದ್ದ ಹಡಗು. 1788ರಲ್ಲಿ ಸರ್ಕಾರವೇ ಪ್ಯಾರಿ ಅನ್ನೋ ನೌಕಾಪಡೆಯ ಕ್ಯಾಪ್ಟನ್ ಒಬ್ಬನನ್ನು ಲಿವರ್‌ಪೂಲಿಗೆ ಕಳಿಸಿ ಇಂಥ ಹಡಗುಗಳ ಅಳತೆ ತೆಗೆಸಿತು. ನಾನು ಗುಮಾಸ್ತ. ಇಂಥ ಅಳತೆಯ ಗತಿ ಏನಾಗುತ್ತೆ ಅಂತ ನನಗೆ ಗೊತ್ತು. ಫೈಲಿಗೆ ಹೋಗುತ್ತೆ, ಫೈಲಿಗೆ ದಾರ ಕಟ್ಟುತ್ತಾರೆ, ಮುಗೀತು. ಅಲ್ಲಿ ಹಾಗಾಗಲಿಲ್ಲ. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದವರು ಆ ಅಂಕಿಗಳನ್ನು ತಗೊಂಡು ಚಿತ್ರ ಬರೆಸಿದರು. ಒಬ್ಬ ಗಂಡಸಿಗೆ 6 ಅಡಿ ಉದ್ದ, 1 ಅಡಿ 4 ಇಂಚು ಅಗಲ. ಹೆಣ್ಣುಮಗುವಿಗೆ 4 ಅಡಿ 6 ಇಂಚು ಉದ್ದ, 1 ಅಡಿ ಅಗಲ. ಎರಡು ಡೆಕ್‌ಗಳ ನಡುವೆ ಅಟ್ಟ ಹಾಕಿ ಅದರ ಮೇಲೂ ಜನ. ತಲೆ ಮೇಲೆ ಉಳಿಯುವುದು ಎರಡೂವರೆ ಅಡಿ ಚಿಲ್ಲರೆ. ನೆಟ್ಟಗೆ ಕೂರೋಕೂ ಆಗಲ್ಲ. ಹೊಸ ಕಾನೂನಿನ ಪ್ರಕಾರ ಆ ಹಡಗಿಗೆ 454 ಜನ. ಅದಕ್ಕೂ ಮೊದಲು ಅದೇ ಹಡಗಲ್ಲಿ 609 ಜನರನ್ನು ತುಂಬಿದ್ದರು.

1 ಅಡಿ 4 ಇಂಚು ಅಂದರೆ ಒಂದು ಮೊಳವೂ ಇಲ್ಲ. ಅದೇ 1:48ರ ಲೆಕ್ಕ ಹಾಕಿ ನೋಡಿ. ಹೆಚ್ಚುಕಡಿಮೆ ಒಂದು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಐದು ಜನ ಗಂಡಸರು ಮಲಗಬೇಕು.

ಪ್ಯಾರಿಸ್‌ನಲ್ಲಿ ಮಿರಾಬೊ ಅನ್ನೋ ನಾಯಕ ಆ ಚಿತ್ರ ನೋಡಿ ಸುಮ್ಮನಿರಲಾಗದೆ, ಗಜದುದ್ದದ ಮರದ ಮಾಡೆಲ್ ಮಾಡಿಸಿದ. ಒಳಗೆ ಮಲಗಿದ ಪುಟ್ಟ ಮರದ ಮನುಷ್ಯರು. ಇಂಗ್ಲೆಂಡಿನಲ್ಲಿ ವಿಲ್ಬರ್‌ಫೋರ್ಸ್ ಕೂಡ ಬ್ರೂಕ್ಸ್ ಹಡಗಿನ ಮಾಡೆಲ್ ಒಂದನ್ನು ಪಾರ್ಲಿಮೆಂಟಿನಲ್ಲಿ ಸದಸ್ಯರಿಗೆ ತೋರಿಸಿದರು. ಅದು ಈಗಲೂ ಹಲ್ ಊರಿನ ವಿಲ್ಬರ್‌ಫೋರ್ಸ್ ಹೌಸ್ ಮ್ಯೂಸಿಯಂನಲ್ಲಿದೆ. ಭಾಷಣಕ್ಕೆ ಉತ್ತರ ಕೊಡಬಹುದು. ಅಳತೆಗೆ ಏನಂತ ಉತ್ತರ ಕೊಡ್ತೀರಿ? "ಉತ್ಪ್ರೇಕ್ಷೆ" ಅನ್ನೋ ಹಾಗಿಲ್ಲ, ಅಳತೆ ತೆಗೆದವನು ನಿಮ್ಮದೇ ಕ್ಯಾಪ್ಟನ್. ಸ್ಕೇಲ್ ಮಾಡೆಲ್‌ಗೆ ಇರುವ ಶಕ್ತಿ ಇದು. ಎಲ್ಲವೂ ಚಿಕ್ಕದಾಗುತ್ತೆ, ಅನ್ಯಾಯ ಮಾತ್ರ ಇದ್ದಷ್ಟೇ ಇರುತ್ತೆ.

ಹಾಗಂತ ಒಂದು ಮಾಡೆಲ್ ನೋಡಿ ಎಲ್ಲರ ಮನಸ್ಸು ಕರಗಿತು ಅಂದುಕೊಳ್ಳಬೇಡಿ. 1791ರ ಏಪ್ರಿಲ್‌ನಲ್ಲಿ ಮತಕ್ಕೆ ಹಾಕಿದಾಗ ವ್ಯಾಪಾರ ನಿಲ್ಲಿಸಿ ಅಂದವರು 88, ಬೇಡ ಅಂದವರು 163. ಅದೇ ವರ್ಷ ಆಗಸ್ಟ್‌ನಲ್ಲಿ ಈಗಿನ ಹೈಟಿಯ ಗುಲಾಮರು ಯಾರ ಮತಕ್ಕೂ ಕಾಯದೆ ಬಂಡೆದ್ದರು. ಬ್ರಿಟನ್ನಿನ ಕಾನೂನು ಬಂದದ್ದು 1807ರಲ್ಲಿ. ಇನ್ನೊಂದು ಮಾತು. ಆ ಮಾಡೆಲ್ಲಿನ, ಆ ಚಿತ್ರದ ಮನುಷ್ಯರೆಲ್ಲ ಒಂದೇ ಥರ, ಹೆಸರಿಲ್ಲ, ದನಿಯಿಲ್ಲ. ಆದರೆ ಚಿತ್ರ ಲಂಡನ್ನಿನಲ್ಲಿ ಅಚ್ಚಾದ 1789ರಲ್ಲೇ ಒಲಾಡಾ ಇಕ್ವಿಯಾನೊ ತಾನು ಗುಲಾಮನಾಗಿದ್ದ ಕಥೆಯನ್ನು ತಾನೇ ಬರೆದು ಪ್ರಕಟಿಸಿದ. ಅಳತೆ ಬೇಕು, ಆತ್ಮಕಥೆಯೂ ಬೇಕು. ನಮ್ಮ ಚಳವಳಿಗೂ ಎರಡೂ ಬೇಕು.

ಇದು ಎಲ್ಲೋ ದೂರದ ಕಥೆ ಅನ್ನೋರಿಗೆ: ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದು, ಅದನ್ನು ನೀಗ್ರೋ ಗುಲಾಮಗಿರಿ ತೊಡೆಯಲು ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಆ ಹಡಗಿಗೂ ನಮ್ಮ ಕೇರಿಗೂ ಇರುವ ನಂಟು ಅವರಿಗೆ ಆಗಲೇ ಕಂಡಿತ್ತು.

ಇನ್ನು ನಮ್ಮದೇ ನದಿಗೆ ಬನ್ನಿ. ತುಂಗಭದ್ರೆಯ ಹರಿಗೋಲು. 1520ರ ಸುಮಾರಿಗೆ ವಿಜಯನಗರ ನೋಡಲು ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಇದರ ಬಗ್ಗೆ ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಕೂರಬಹುದು, ನೆಟ್ಟಗೆ ಹೋಗದೆ ಸುತ್ತುತ್ತಾ ಹೋಗುತ್ತೆ ಅಂತ. ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರಂತೆ. ಹಂಪಿಯ ವೈಭವ ಅಂತ ಗಂಟಲು ಹರಿದುಕೊಳ್ಳುವವರು ಒಂದು ನಿಮಿಷ ಯೋಚನೆ ಮಾಡಲಿ. ಆ ತೊಗಲು ಎಲ್ಲಿಂದ ಬಂತು? ತೊಗಲು ಮರದಲ್ಲಿ ಬಿಡಲ್ಲ. ಸತ್ತ ದನ ಹೊತ್ತು, ಸುಲಿದು, ಹದ ಮಾಡುವ ಕೆಲಸವನ್ನು ಈ ನಾಡು ಯಾರ ತಲೆಗೆ ಕಟ್ಟಿತ್ತು? ಬುಟ್ಟಿ ಹೆಣೆಯುವ ಕೆಲಸವನ್ನು ಯಾರಿಗೆ ಬಿಟ್ಟಿತ್ತು? ತೊಗಲಿನ ದೋಣಿಯಲ್ಲಿ ಕೂತು ಹೊಳೆ ದಾಟುವಾಗ ಇಲ್ಲದ ಮೈಲಿಗೆ, ತೊಗಲು ಹದ ಮಾಡಿದವನು ಬಾವಿ ಹತ್ತಿರ ಬಂದರೆ ಬರ್ತಿತ್ತು! ಈಗ ಹರಿಗೋಲಿಗೆ ಪ್ಲಾಸ್ಟಿಕ್, ಡಾಂಬರು ಬಂದಿದೆ. ತೊಗಲು ಹೋಯ್ತು. ತೊಗಲಿನ ಕೆಲಸದವರ ಹೆಸರೂ ಅದರ ಜೊತೆ ಹೋಗಬೇಕಾ?

ಅದಕ್ಕೇ ನನ್ನ ಮಾತು ಇಷ್ಟು. ಹಡಗಿನ, ದೋಣಿಯ ಮಾಡೆಲ್‌ಗಳನ್ನು ನೋಡಿ. ಮಕ್ಕಳಿಗೆ ತೋರಿಸಿ. ಆದರೆ "ಎಷ್ಟು ಚಂದ" ಅಂದ ಮೇಲೆ ಬಗ್ಗಿ ಕೆಳಗಿನ ಡೆಕ್ ನೋಡುವುದನ್ನೂ ಕಲಿಸಿ. ಮುಂದಿನ ಸಲ ಶಾಲೆಯ ವಸ್ತುಪ್ರದರ್ಶನಕ್ಕೆ ನಿಮ್ಮ ಮಗಳು ಹರಿಗೋಲು ಮಾಡಿದರೆ, ಪಕ್ಕದ ಚೀಟಿಯಲ್ಲಿ ಬಿದಿರು ಹೆಣೆದವರು ಯಾರು, ತೊಗಲು ಹದ ಮಾಡಿದವರು ಯಾರು, ಹುಟ್ಟು ಹಾಕಿದವರು ಯಾರು ಅಂತ ಬರೆಸಿ.

ಮತ್ತೆ ನಮ್ಮ ಸಂಘಟನೆಯ ಹುಡುಗರಿಗೆ ಒಂದು ಕೆಲಸ. ಬ್ರೂಕ್ಸ್ ನೋಡಿ ಕಲಿಯಿರಿ. ಒಂದು ಮ್ಯಾನ್‌ಹೋಲಿನ ಸ್ಕೇಲ್ ಮಾಡೆಲ್ ಮಾಡಿ. ಬಾಯಿ ಎಷ್ಟು ಅಗಲ, ಎಷ್ಟು ಆಳ, ಒಳಗೆ ಇಳಿದ ಮನುಷ್ಯನ ಭುಜ ಎಷ್ಟು ಅಗಲ, ಎಲ್ಲ ಅಳೆದು ಮಾಡಿ. 2013ರಲ್ಲಿ ಕಾಯ್ದೆ ಬಂತು. ಒಳಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಇಳಿಸುವುದು ನಿಂತಿಲ್ಲ. ನಮೂನೆಯ ಕಾಲಂನಲ್ಲಿ 'ಇಲ್ಲ' ಅಂತ ಬರೆದು ಸಹಿ ಹಾಕುವುದು ಸುಲಭ. ಆ ಮಾಡೆಲನ್ನು ಸಹಿ ಹಾಕುವವರ ಮೇಜಿನ ಮೇಲೆ ಇಡೋಣ. ಆಮೇಲೆ ಸಹಿ ಹಾಕಲಿ ನೋಡೋಣ.

ಅಳತೆಪಟ್ಟಿ ಯಾರಲ್ಲಿದೆ? ಕಾಮೆಂಟಿನಲ್ಲಿ ಹೇಳಿ.

ಜೈ ಭೀಮ್.