ಯಂತ್ರ ತಿರಸ್ಕರಿಸಿದರೆ ಉತ್ತರಿಸುವವರು ಯಾರು?

ಉದ್ಯೋಗಾಕಾಂಕ್ಷಿಗಳ ಅರ್ಹತೆಯನ್ನು ಅಳೆಯುವ ಹೊಣೆಯನ್ನು ದೊಡ್ಡ ಕಂಪೆನಿಗಳು ಇಂದು ಕೃತಕ ಬುದ್ಧಿಮತ್ತೆಗೆ ಒಪ್ಪಿಸತೊಡಗಿವೆ. ಸಾವಿರಾರು ಅರ್ಜಿಗಳನ್ನು ಸೋಸುವುದು, ವೀಡಿಯೋ ಸಂದರ್ಶನದ ಉತ್ತರಗಳಿಗೆ ಅಂಕ ನೀಡುವುದು ಮುಂತಾದ ಕೆಲಸಗಳಿಗೆ ಯಂತ್ರ ಬಳಕೆಯಾಗುತ್ತಿದೆ. ಇದರಿಂದ ಕಂಪೆನಿಗಳಿಗೆ ಸಮಯ, ಹಣ ಉಳಿಯಬಹುದು. ಆದರೆ ಅರ್ಜಿದಾರರು ಇದನ್ನು ಹೇಗೆ ಕಾಣುತ್ತಾರೆ?

ಅಮೇರಿಕದ ಪ್ಯೂ ಸಂಶೋಧನಾ ಕೇಂದ್ರವು 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಈ ನಿಟ್ಟಿನಲ್ಲಿ ಗಮನಾರ್ಹವಾದುದು. ನೇಮಕಾತಿಯ ತೀರ್ಮಾನಕ್ಕೆ ಕೃತಕ ಬುದ್ಧಿಮತ್ತೆಯ ನೆರವು ಪಡೆಯುವ ಸಂಸ್ಥೆಗೆ ಅರ್ಜಿ ಸಲ್ಲಿಸಲು ತಾವು ಇಚ್ಛಿಸುವುದಿಲ್ಲವೆಂದು ಅಲ್ಲಿನ ಶೇ. 66ರಷ್ಟು ವಯಸ್ಕರು ಹೇಳಿದರು. ಅದೇ ಸಮೀಕ್ಷೆಯಲ್ಲಿ ಶೇ. 47ರಷ್ಟು ಮಂದಿ, ಎಲ್ಲ ಅಭ್ಯರ್ಥಿಗಳನ್ನು ಏಕರೀತಿಯಲ್ಲಿ ಅಳೆಯುವುದರಲ್ಲಿ ಯಂತ್ರವೇ ಮನುಷ್ಯನಿಗಿಂತ ಮೇಲೆಂದೂ ಅಭಿಪ್ರಾಯಪಟ್ಟರು. ಇದು ಮೇಲ್ನೋಟಕ್ಕೆ ವಿರೋಧಾಭಾಸದಂತೆ ಕಾಣುತ್ತದೆ. ವಾಸ್ತವದಲ್ಲಿ, ಮನುಷ್ಯರ ಪಕ್ಷಪಾತವನ್ನು ಬಲ್ಲ ಜನರು ಪ್ರಶ್ನಿಸಲಾಗದ ಯಂತ್ರಕ್ಕೂ ಅಂಜುತ್ತಾರೆ ಎಂದೇ ನಾವು ಇದನ್ನು ಅರ್ಥೈಸಬೇಕಾಗಿದೆ.

ಆ ಪಕ್ಷಪಾತ ನಮ್ಮ ದೇಶಕ್ಕೆ ಹೊಸತಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಅವರು ಪತ್ರಿಕಾ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳುಹಿಸಿ ಪರೀಕ್ಷಿಸಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ದಲಿತ ಮತ್ತು ಮುಸ್ಲಿಮ್ ಹೆಸರಿನವರಿಗೆ ಖಾಸಗಿ ಕಂಪೆನಿಗಳಿಂದ ಕರೆ ಬರುವ ಸಾಧ್ಯತೆ ಮೇಲ್ಜಾತಿಯ ಹಿಂದೂ ಹೆಸರಿನವರಿಗಿಂತ ಕಡಿಮೆಯಿತ್ತು. ಹೆಸರು ನೋಡಿ ಅರ್ಜಿಯನ್ನು ಬದಿಗಿಡುವ ಅಧಿಕಾರಿಯ ಸ್ಥಾನದಲ್ಲಿ ಯಂತ್ರ ಬಂದರೆ ನ್ಯಾಯ ಸಿಕ್ಕೀತೆಂದು ಇಂತಹ ಯುವಕರು ಆಶಿಸಿದರೆ ಅದರಲ್ಲಿ ತಪ್ಪೇನಿದೆ?

ಆದರೆ ಯಂತ್ರ ಕಲಿಯುವುದು ಮನುಷ್ಯರ ಹಳೆಯ ತೀರ್ಮಾನಗಳಿಂದಲೇ ಎಂಬುದನ್ನು ಮರೆಯಬಾರದು. ಅಮೆಜಾನ್ ಕಂಪೆನಿಯು ತನಗೆ ಹತ್ತು ವರ್ಷಗಳಲ್ಲಿ ಬಂದಿದ್ದ ಅರ್ಜಿಗಳ ಆಧಾರದಲ್ಲಿ ಇಂತಹದೊಂದು ವ್ಯವಸ್ಥೆಯನ್ನು ರೂಪಿಸಿತ್ತು. ಅವುಗಳಲ್ಲಿ ಹೆಚ್ಚಿನವು ಪುರುಷರದಾಗಿದ್ದುದರಿಂದ ಆ ಯಂತ್ರ ಮಹಿಳೆಯರನ್ನು ಹಿಂದಕ್ಕೆ ತಳ್ಳುವುದನ್ನು ಕಲಿತುಕೊಂಡಿತು. ಕಂಪೆನಿ ಕೊನೆಗೆ ಆ ಯೋಜನೆಯನ್ನೇ ಕೈಬಿಟ್ಟಿತೆಂದು 2018ರಲ್ಲಿ ರಾಯಿಟರ್ಸ್ ವರದಿ ಮಾಡಿತು. ಹೀಗಿರುವಾಗ, ಹೆಸರನ್ನು ಅಳಿಸಿಬಿಟ್ಟರೆ ಸಾಕು ಎನ್ನುವಂತಿಲ್ಲ. ವಿಳಾಸ, ಕಲಿತ ಶಾಲೆ, ಬಲ್ಲ ಭಾಷೆಗಳೂ ವ್ಯಕ್ತಿಯ ಹಿನ್ನೆಲೆಯನ್ನು ಬಿಟ್ಟುಕೊಡಬಲ್ಲವು.

ಹಾಗಾದರೆ ಪರಿಹಾರವೇನು? ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈಯಿಂದ ಜಾರಿಯಲ್ಲಿರುವ ಕಾನೂನಿನಂತೆ, ಇಂತಹ ಸಾಧನ ಬಳಸುವ ಸಂಸ್ಥೆಗಳು ಅದರ ಪಕ್ಷಪಾತದ ಬಗ್ಗೆ ಪ್ರತಿವರ್ಷ ಸ್ವತಂತ್ರ ಪರಿಶೋಧನೆ ನಡೆಸಬೇಕು, ಅಭ್ಯರ್ಥಿಗೆ ಮುಂಚಿತವಾಗಿ ತಿಳಿಸಬೇಕು. ನಮ್ಮ ಸರಕಾರವೂ ಈ ಬಗ್ಗೆ ಚಿಂತಿಸಬೇಕಾಗಿದೆ. ಅರ್ಜಿಯನ್ನು ಯಂತ್ರ ಪರಿಶೀಲಿಸಿತೇ ಎಂದು ತಿಳಿಯುವ, ತಿರಸ್ಕಾರದ ಕಾರಣ ಕೇಳುವ, ಮನುಷ್ಯನೊಬ್ಬನ ಮುಂದೆ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬ ಅಭ್ಯರ್ಥಿಗೂ ಇರಲೇಬೇಕು. ತಿರಸ್ಕೃತನಾದವನಿಗೆ ಕಾರಣ ತಿಳಿದರೆ ಆತ ತನ್ನನ್ನು ತಿದ್ದಿಕೊಂಡಾನು, ಇಲ್ಲವೇ ಅನ್ಯಾಯವನ್ನು ಪ್ರಶ್ನಿಸಿಯಾನು. ಕಾರಣವನ್ನೇ ಹೇಳದ ವ್ಯವಸ್ಥೆಯು ಆತನಿಗೆ ಈ ಎರಡು ದಾರಿಗಳನ್ನೂ ಮುಚ್ಚಿಬಿಡುತ್ತದೆ.